ಕಡಲ ಪಾಚಿಯ ಪಟ್ಟಿ

ಬಂಟ್ವಾಳ
4 ಜುಲೈ 1999

ಪ್ರೀತಿಯ ಫಾಯಿಝಾ,

ಅಸ್ಸಲಾಮು ಅಲೈಕುಂ. ನೀನು ಚೆನ್ನೈಯಿಂದ ಕಳಿಸಿದ ಪಾರ್ಸೆಲ್ ಮೊನ್ನೆ ತಲುಪಿತು. ಅದನ್ನು ಬಿಚ್ಚುವ ಅಧಿಕಾರ ನನಗೆ ಸಿಗಲಿಲ್ಲ. "ಹೆಸರು ಯಾರದ್ದುಂಟು ಅದರಲ್ಲಿ? ನನ್ನದಲ್ವಾ?" ಎಂದು ಉಮ್ಮ ಕತ್ತರಿ ತರಿಸಿಕೊಂಡು ತಾವೇ ಕುಳಿತರು. ಒಂದೊಂದು ಪಟ್ಟಿಯೂ ಬೇರೆ ಬೇರೆ ಲಕೋಟೆಯಲ್ಲಿರುವುದನ್ನು ಕಂಡು, ಬೆರಳಿನಿಂದ ಒತ್ತಿ ನೋಡಿ, "ಹತ್ತಿ ಹಾಗೇ ಉಂಟು. ಹತ್ತಿಗೆ ಇಷ್ಟು ಮರ್ಯಾದೆಯಾ?" ಎಂದರು.

"ಹತ್ತಿ ಅಲ್ಲ ಉಮ್ಮ, ಕಡಲ ಪಾಚಿಯಿಂದ ತೆಗೆದ ನೂಲು. ಅದರಲ್ಲಿ ಕ್ಯಾಲ್ಸಿಯಂ ಉಂಟು. ನಮ್ಮ ಫಾಯಿಝಾ ಇದರ ಮೇಲೆಯೇ ಪಿಎಚ್‌ಡಿ ಮಾಡುವುದು."

"ಕಡಲಿದ್ದಾದರೆ ಹಲಾಲ್, ಸಂಶಯ ಇಲ್ಲ" ಎಂದರು. ಅನುಮತಿ ಸಿಕ್ಕಿತು ಎಂದುಕೊ.

ಮಂಗಳೂರಿನ ಸರ್ಜನ್ ನೀನು ಬರೆದದ್ದನ್ನು ಓದಿ ಒಪ್ಪಿದರು. ಈ ಪಟ್ಟಿಯನ್ನು ಬೇರೆ ರೋಗಿಗಳಿಗೆ ಬಳಸಿ ಅವರಿಗೆ ಗೊತ್ತಂತೆ. ಆದರೆ ಗಾಯ ನೋಡಿ ಮುಖ ಗಂಭೀರ ಮಾಡಿದರು. ಹೊಸ ಚಪ್ಪಲಿ ಕಚ್ಚಿದ ಒಂದು ಗುಳ್ಳೆ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಇಷ್ಟು ಆಳ ಹೋಗಿದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ಗೊತ್ತಾಗುವುದಿಲ್ಲವಲ್ಲ, ನಾವು ನೋಡುವಾಗಲೇ ತಡವಾಗಿತ್ತು. ಎಲುಬಿಗೆ ತಾಗಿದರೆ ಬೆರಳು ತೆಗೆಯಬೇಕು, ಅಲ್ಲಿಗೂ ನಿಲ್ಲದಿದ್ದರೆ ಪಾದ ಎಂದರು. ಉಮ್ಮ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಹೊರಗೆ ಬಂದು ಆಯಾಳ ಹತ್ತಿರ ಹೇಳುತ್ತಿದ್ದರು: "ಪಟ್ಟಿ ನನ್ನ ಮಗಳು ಕಳಿಸಿದ್ದು. ಚಿಕ್ಕವಳು. ಸೈನ್ಸ್."

ಫೋನಿನಲ್ಲಿ ಇದೆಲ್ಲ ಹೇಳಲಾಗುವುದಿಲ್ಲ. ನಾನು ರಿಸೀವರ್ ಎತ್ತಿದರೆ ಅವರು ಪಕ್ಕದಲ್ಲೇ ನಿಂತು "ಎಲ್ಲ ಒಳ್ಳೆದುಂಟು ಅಂತ ಹೇಳು" ಎನ್ನುತ್ತಾರೆ. ಹಾಗಾಗಿ ಪತ್ರವೇ ಇರಲಿ. ಆ ಪಟ್ಟಿ ಒಳಗೆ ಏನು ಮಾಡುತ್ತದೆಂದು ನನಗೆ ಅರ್ಥವಾಗುವ ಹಾಗೆ ಬರೆ. ಕನ್ನಡ ಎಂ.ಎ.ಗೆ ಅರ್ಥವಾಗುವಷ್ಟು ಸಾಕು.

ನಿನ್ನ ಅಕ್ಕ,
ಜುಲೈಕಾ


ಚೆನ್ನೈ
15 ಜುಲೈ 1999

ಪ್ರೀತಿಯ ಅಕ್ಕ,

ವ ಅಲೈಕುಮುಸ್ಸಲಾಂ. ಕನ್ನಡ ಎಂ.ಎ.ಗೆ ವಿಜ್ಞಾನ ಬರೆಯುವುದು ನನ್ನ ಗೈಡಿಗೆ ಬರೆಯುವುದಕ್ಕಿಂತ ಕಷ್ಟ. ನೀನು ಒಂದೊಂದು ಶಬ್ದಕ್ಕೂ ಲೆಕ್ಕ ಕೇಳುತ್ತೀ.

ಗಾಯವಾದಾಗ ರಕ್ತದಿಂದ ಅಲ್ಲಿಗೆ ಕೆಲವು ರಕ್ಷಣಾ ಕೋಶಗಳು ಬರುತ್ತವೆ. ಅವುಗಳಲ್ಲಿ ನಾನು ಬೆನ್ನು ಹತ್ತಿರುವುದು ಮ್ಯಾಕ್ರೋಫೇಜ್ ಎಂಬುದನ್ನು. ಮದುವೆಯ ಹಿಂದಿನ ದಿನ ನೆನೆಸಿಕೊ. ಮೊದಲು ಅಂಗಳ ಗುಡಿಸಬೇಕು, ಕಸ ಎತ್ತಬೇಕು. ಅದಾದ ಮೇಲೆ ಚಪ್ಪರ ಕಟ್ಟಬೇಕು. ಬೆಳಿಗ್ಗೆ ಗುಡಿಸಿದವರೇ ಮಧ್ಯಾಹ್ನ ಪೊರಕೆ ಕೆಳಗಿಟ್ಟು ಹಗ್ಗ ಹಿಡಿಯುತ್ತಾರೆ, ಅಲ್ಲವಾ? ಈ ಕೋಶಗಳೂ ಹಾಗೆ. ಮೊದಲು ರೋಗಾಣುಗಳನ್ನೂ ಸತ್ತ ಮಾಂಸವನ್ನೂ ತಿಂದು ತೆಗೆಯುತ್ತವೆ. ಆಮೇಲೆ ಕೆಲಸ ಬದಲಿಸಿ, ಹೊಸ ಮಾಂಸ, ಹೊಸ ರಕ್ತನಾಳ ಕಟ್ಟುವವರನ್ನು ಕರೆಯುತ್ತವೆ. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಇವು ಪೊರಕೆ ಕೆಳಗಿಡುವುದೇ ಇಲ್ಲ. ಗುಡಿಸಿ ಗುಡಿಸಿ ಅಂಗಳದ ಮಣ್ಣೇ ಎದ್ದು ಬರುತ್ತದೆ.

ಪಟ್ಟಿಯ ನೂಲಿನಲ್ಲಿರುವ ಕ್ಯಾಲ್ಸಿಯಂ ಗಾಯದ ನೀರು ತಾಗಿದಾಗ ನಿಧಾನವಾಗಿ ಬಿಡುಗಡೆಯಾಗುತ್ತದೆ. ನೂಲು ಕರಗಿ ಲೋಳೆಯಾಗುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಈ ಕೋಶಗಳಿಗೆ ಏನು ಹೇಳುತ್ತದೆ? 'ಇನ್ನೂ ಗುಡಿಸು' ಎನ್ನುತ್ತದೋ, 'ಸಾಕು, ಚಪ್ಪರ ಕಟ್ಟು' ಎನ್ನುತ್ತದೋ? ಎಷ್ಟು ಕ್ಯಾಲ್ಸಿಯಂ, ಎಷ್ಟು ಹೊತ್ತು? ನನ್ನ ಪಿಎಚ್‌ಡಿ ಇಷ್ಟೇ.

ಪಟ್ಟಿಯನ್ನು ಎರಡು ಮೂರು ದಿನ ಬಿಚ್ಚಬೇಡಿ. ಪಾರ್ಸೆಲಿನಲ್ಲಿ ಪಾರದರ್ಶಕ ಹಾಳೆಗಳೂ ಉಂಟು. ಬದಲಿಸುವಾಗ ಶುದ್ಧವಾದ ಹಾಳೆಯೊಂದನ್ನು ಗಾಯದ ಮೇಲೆ ಹಿಡಿದು, ಅಂಚನ್ನು ಪೆನ್ನಿನಿಂದ ಎಳೆದು, ಅದನ್ನು ಇನ್ನೊಂದಕ್ಕೆ ನಕಲು ಮಾಡಿ ಕಳಿಸು. ಇನ್ಸುಲಿನ್ ತಪ್ಪಬಾರದು, ಆ ಕಾಲಿಗೆ ಭಾರ ಬೀಳಬಾರದು. ಪಟ್ಟಿ ಒಂದೇ ಎಲ್ಲ ಮಾಡುವುದಿಲ್ಲ.

ಉಮ್ಮನಿಗೆ ಸಲಾಂ.
ಫಾಯಿಝಾ


ಬಂಟ್ವಾಳ
8 ಆಗಸ್ಟ್ 1999

ಪ್ರೀತಿಯ ಫಾಯಿಝಾ,

ಪೊರಕೆ ಮತ್ತು ಚಪ್ಪರದ ಕಥೆಯನ್ನು ಉಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮರುದಿನ ಯಾರೋ ಹೆಂಗಸರು ಬಂದಾಗ ಅದನ್ನೇ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಹೆಂಗಸರು ಬರುವುದು ನಿಂತಿಲ್ಲ. ನಿನಗೆ ಗೊತ್ತಲ್ಲ, ಸುತ್ತಲಿನ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಮಯ್ಯಿತ್ ಸ್ನಾನ ಮಾಡಿಸುವುದು ಉಮ್ಮನೇ. ಹೆತ್ತವಳಿಗೆ ನಮಾಝ್ ಯಾವಾಗಿಂದ, ನಮಾಝಿಗೆ ಮುಖ ಕೈಕಾಲು ತೊಳೆಯುವಾಗ ಕೈಗೆ ಹಿಟ್ಟು ಅಂಟಿದ್ದರೆ ವುಝೂ ಆಗುತ್ತದಾ, ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಅವರ ಹತ್ತಿರ. ಮಸೀದಿಯ ಉಸ್ತಾದರಲ್ಲಿ ಕೇಳಲು ನಾಚುವವರೆಲ್ಲ ನಮ್ಮ ಚಾವಡಿಗೆ ಬರುತ್ತಾರೆ. ಈಗ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಪಟ್ಟಿಯ ದರ್ಶನ ಮಾಡಬೇಕು. ಒಂದು ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡಿದ್ದಾರೆ, ತೋರಿಸಲಿಕ್ಕೆ.

ಎದುರು ಮನೆಯ ಸೇಸಮ್ಮ ನಿನ್ನೆ ಡಬ್ಬಿಯೊಳಗೆ ಇಣುಕಿ, "ಇದು ಇಷ್ಟು ಬೆಳ್ಳಗೆ ಉಂಟಲ್ಲ ಮಾರಾಯ್ತಿ! ನಾನಾದರೆ ಕಾಲಿಗೆ ಕಟ್ತಿರಲಿಲ್ಲ, ಮೊಮ್ಮಗಳ ಮದುವೆಗೆ ತೆಗೆದಿಡ್ತಿದ್ದೆ" ಎಂದರು.

"ನಿನ್ನ ಮೊಮ್ಮಗಳು ಓದಲಿ, ಅವಳೇ ಮಾಡಿ ಕೊಡ್ತಾಳೆ" ಎಂದರು ಉಮ್ಮ.

ನೀನು ಹೇಳಿದ ಹಾಗೆ ಮೂರನೆಯ ದಿನ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮೊದಲು, ನಾನೇ ಬದಲಿಸುತ್ತೇನೆ. ಎಷ್ಟು ಶುಭ್ರವಾಗಿ ಇಟ್ಟುಕೊಂಡಿರುತ್ತಾರೆ ಗೊತ್ತಾ! ತೆಗೆದ ಪಟ್ಟಿ ಹಾಕಿದಾಗಿನ ಹಾಗೆಯೇ ಬಿಳಿ, ಒಣಗಿ ಗರಿಗರಿ. ಕೀವಿಲ್ಲ, ವಾಸನೆಯಿಲ್ಲ. ಉಮ್ಮ ಪ್ರತಿ ಸಲವೂ "ನೋಡು, ಹಾಳು ಮಾಡ್ಲಿಲ್ಲ" ಎನ್ನುತ್ತಾರೆ.

ಹಾಳೆಯ ಮೇಲೆ ಎಳೆದ ಅಂಚುಗಳು ಇದರೊಂದಿಗೆ ಉಂಟು. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ನನ್ನ ಕಣ್ಣಿಗೆ ಎಲ್ಲ ಒಂದೇ ಗೆರೆಯ ಹಾಗೆ ಕಂಡಿತು. ನಿನ್ನ ಕಣ್ಣಿಗೆ ವ್ಯತ್ಯಾಸ ಕಾಣಬಹುದು.

ಜುಲೈಕಾ


ಚೆನ್ನೈ
22 ಆಗಸ್ಟ್ 1999

ಪ್ರೀತಿಯ ಅಕ್ಕ,

ಹಾಳೆಗಳು ಸಿಕ್ಕಿದವು. ನನ್ನ ಕಣ್ಣಿಗೂ ವ್ಯತ್ಯಾಸ ಕಾಣಲಿಲ್ಲ.

ಪಟ್ಟಿ ಲೋಳೆಯಾಗಲೇ ಇಲ್ಲವಾ? ಮೂರನೆಯ ದಿನ ಅದು ಹಳದಿ ಬಣ್ಣಕ್ಕೆ ತಿರುಗಿ, ಜಾರುವ ಹಾಗೆ, ನೋಡಲು ಅಸಹ್ಯವಾಗಿ ಇರಬೇಕು. ಬಿಚ್ಚದೆಯೇ ಇಟ್ಟಿದ್ದೀರಿ ತಾನೇ? ಡಾಕ್ಟರ್ ಏನು ಹೇಳಿದರು?

ಇಲ್ಲಿ ಕೆಲಸ ನಡೆಯುತ್ತಿದೆ.

ಫಾಯಿಝಾ


ಬಂಟ್ವಾಳ
12 ಸೆಪ್ಟೆಂಬರ್ 1999

ಪ್ರೀತಿಯ ಫಾಯಿಝಾ,

ನಿನ್ನ ಪತ್ರ ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದಿತ್ತು. ನಾವು ಇಲ್ಲಿ ಏನೋ ತಪ್ಪು ಮಾಡುತ್ತಿದ್ದೇವೆ ಎಂದು ನಿನಗೆ ಸಿಟ್ಟು ಬಂದಿದೆ ಎಂದು ತಿಳಿದುಕೊಂಡೆ. "ಬಿಚ್ಚದೆಯೇ ಇಟ್ಟಿದ್ದೀರಿ ತಾನೇ" ಎಂಬ ಸಾಲನ್ನು ಉಮ್ಮನಿಗೆ ಓದಲಿಲ್ಲ, ಅವರಿಗೆ ಬೇಸರವಾದೀತು. ನೀನು ಹೇಳಿದ್ದನ್ನು ಅವರಷ್ಟು ನಿಷ್ಠೆಯಿಂದ ಪಾಲಿಸುವವರು ಯಾರೂ ಇಲ್ಲ. ಬ್ಯಾಂಡೇಜಿನ ಗಂಟು ಕೂಡ ನಾನು ಹಾಕಿದ್ದಕ್ಕಿಂತ ಚಂದ ಇರುತ್ತದೆ.

ಡಾಕ್ಟರ್ ಸಂತೋಷ ಪಡಲಿಲ್ಲ. ಗಾಯದ ಬುಡ ಬಿಳಚಿಕೊಂಡಿದೆ, ಹೊಸ ಮಾಂಸದ ಕೆಂಪು ಬರಬೇಕಿತ್ತು ಎಂದರು. ಅಕ್ಟೋಬರ್ ಕೊನೆಯವರೆಗೆ ನೋಡುತ್ತಾರಂತೆ. ಆಗಲೂ ಹೀಗೆಯೇ ಇದ್ದರೆ ಹೆಬ್ಬೆರಳು ತೆಗೆಯುವುದು ಎಂದು ಬರೆದೇ ಕೊಟ್ಟರು.

ಹಿಂದೆ ಬರುವಾಗ ಬಸ್ಸಿನಲ್ಲಿ ಫರಂಗಿಪೇಟೆ ದಾಟಿದ ಮೇಲೆ ಉಮ್ಮ, "ಬೆರಳು ಹೋದ್ರೆ ನೆಲಕ್ಕೆ ಕೂತು ಏಳ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಆಗ್ತದೆ ಉಮ್ಮ."

"ಮಯ್ಯಿತ್ ಮೀಯಿಸ್ಲಿಕ್ಕೆ?"

ಉತ್ತರಕ್ಕೆ ಕಾಯದೆ ಅವರೇ ಹೇಳಿದರು: "ಪಾದವೇ ಹೋದ್ರೆ ವುಝೂ ಮಾಡುವಾಗ ತೊಳೀಲಿಕ್ಕೆ ಎಂತ ಉಳಿಯಿತು? ಇಷ್ಟು ವರ್ಷ ಒಂದು ಕೂದಲಿನಷ್ಟು ಜಾಗ ಒಣಗಿ ಬಿಡದ ಹಾಗೆ ತೊಳೆದದ್ದು."

ತರಗತಿಯಲ್ಲಿ ಕವಿತೆ ಓದುವಾಗ ನಾನು ಮಕ್ಕಳಿಗೆ, ಅರ್ಥ ಬೇಗ ಕಿತ್ತು ತೆಗೆಯಬೇಡಿ, ಸಾಲಿನ ಜೊತೆ ಸ್ವಲ್ಪ ಹೊತ್ತು ಕೂತಿರಿ ಎನ್ನುತ್ತೇನೆ. ಆ ಮಾತಿನ ಜೊತೆ ನಾನು ಬಂಟ್ವಾಳ ಬರುವವರೆಗೂ ಕೂತಿದ್ದೆ. ದುಃಖ ಒಂದೇ ಕಂಡಿತು. ಬೇರೆ ಏನೂ ಹೊಳೆಯಲಿಲ್ಲ.

ಜುಲೈಕಾ


ಚೆನ್ನೈ
24 ಸೆಪ್ಟೆಂಬರ್ 1999

ಅಕ್ಕ,

ನನಗೆ ಸಿಟ್ಟಿರಲಿಲ್ಲ, ಭಯ ಇತ್ತು. ಬರೆಯಲು ಧೈರ್ಯ ಸಾಲಲಿಲ್ಲ.

ಲ್ಯಾಬಿನಲ್ಲಿ ನಾನು ಬೆಳೆಸುವ ಕೋಶಗಳಿಗೆ ಪಟ್ಟಿಯ ಚೂರುಗಳನ್ನು ಹಾಕಿ ನೋಡುತ್ತಿದ್ದೇನೆ. ಅವು ಎಚ್ಚರಗೊಳ್ಳುತ್ತವೆ, ಅಪಾಯದ ಸೂಚನೆಗಳನ್ನು ಸುರಿಸುತ್ತವೆ. ಅಷ್ಟರವರೆಗೆ ಸರಿ. ಆಮೇಲೆ ಕೆಲಸ ಬದಲಿಸಬೇಕಲ್ಲ, ಬದಲಿಸುವುದಿಲ್ಲ. ತಿಂಗಳುಗಟ್ಟಲೆ ಇದೇ ಫಲಿತಾಂಶ. 'ನಿನ್ನ ಪ್ರಶ್ನೆಯೇ ತಪ್ಪಿರಬಹುದು' ಎಂದು ಗೈಡ್ ಹೇಳಿಯಾಯಿತು. ಉಮ್ಮನ ಗಾಯವಾದರೂ ಬೇರೆ ಉತ್ತರ ಕೊಡಬಹುದು ಎಂದು ಕಾಯುತ್ತಿದ್ದೆ. ಅದೂ ಅದನ್ನೇ ಹೇಳುತ್ತಿದೆ. ಕ್ಯಾಲ್ಸಿಯಂ ಅವುಗಳ ಕೈಯಿಂದ ಪೊರಕೆ ಬಿಡಿಸುತ್ತಿಲ್ಲ, ಇನ್ನೊಂದು ಪೊರಕೆ ಕೊಡುತ್ತಿದೆ.

ದಯವಿಟ್ಟು ಪಟ್ಟಿ ತೆಗೆದುಬಿಡು. ಡಾಕ್ಟರಿಗೂ ಹೇಳುತ್ತೇನೆ, ಆದರೆ ಮೊದಲು ನಿನಗೆ ತಿಳಿಸಬೇಕು ಅನಿಸಿತು. ಊರೆಲ್ಲ ನನ್ನ ಪಟ್ಟಿ ತೋರಿಸಿಕೊಂಡು ಕೂತ ಉಮ್ಮನ ಕಾಲು ನನ್ನಿಂದಲೇ ಹೋದರೆ, ನಾನು ಈ ಓದನ್ನು ಎಲ್ಲಿ ಇಡಲಿ?

ಫಾಯಿಝಾ


ಬಂಟ್ವಾಳ
3 ಅಕ್ಟೋಬರ್ 1999

ಫಾಯಿಝಾ,

ಪಟ್ಟಿ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿದ್ದೇನೆ. ನಿನ್ನ ಹಾಸ್ಟೆಲಿಗೂ ಮಾಡಿದೆ, ಯಾರೋ ಹುಡುಗಿ ಎತ್ತಿ ನೀನು ಲ್ಯಾಬಿನಲ್ಲಿದ್ದೀ ಎಂದಳು. ಸಮಾಧಾನವಾಗಿ ಕೂತು ಓದು.

ನಿನ್ನೆ ಗಾಂಧಿ ಜಯಂತಿ, ಕಾಲೇಜಿಗೆ ರಜೆ. ನಿನ್ನ ಪತ್ರ ಶುಕ್ರವಾರವೇ ಬಂದಿತ್ತು. ಉಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಇದ್ದವಳು, ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆದಮೇಲೆ ಹಿತ್ತಲಿನ ಬಚ್ಚಲ ಕಡೆ ಹೋದೆ. ಬಾಗಿಲು ಓರೆಯಾಗಿತ್ತು. ಉಮ್ಮ ಮಣೆಯ ಮೇಲೆ ಕೂತಿದ್ದರು. ಬ್ಯಾಂಡೇಜ್ ಸುರುಳಿ ಸುತ್ತಿ ಗೂಡಿನಲ್ಲಿ ಇಟ್ಟಿತ್ತು. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಅದರೊಳಗೆ ನಿನ್ನ ಪಟ್ಟಿ. ತೋರಿಸಲಿಕ್ಕೆ ಇಟ್ಟುಕೊಂಡ ಹೆಚ್ಚಿನ ತುಂಡು ಎಂದು ನಾನು ತಿಳಿದದ್ದು ಅವರ ಕಾಲಿನದ್ದೇ! ತಂಬಿಗೆಯಿಂದ ಗಾಯದ ಮೇಲೆ ನೀರು ಹೊಯ್ದು, ಬೆರಳುಗಳ ಸಂದಿಯೆಲ್ಲ ಉಜ್ಜಿ ತೊಳೆಯುತ್ತಿದ್ದರು.

"ಉಮ್ಮ, ಎಂತ ಮಾಡ್ತಿದ್ದೀರಿ?"

"ಕಾಣುದಿಲ್ವಾ? ವುಝೂ."

"ಪಟ್ಟಿ ಬಿಚ್ಚಬಾರದು ಅಂತ ಹೇಳಿದ್ದಲ್ವಾ ಅವಳು?"

"ಬಿಚ್ಚದೆ ನೀರು ಹಾಕಿದ್ರೆ ಪಟ್ಟಿ ಒದ್ದೆ ಆಗ್ತದೆ. ಮಗಳು ಅಷ್ಟು ದೂರದಿಂದ ಕಳಿಸಿದ್ದು. ಅದಕ್ಕೇ ಜಾಗ್ರತೆಯಲ್ಲಿ ತೆಗೆದಿಟ್ಟು, ಕಾಲು ಒರಸಿ ಒಣಗಿದ ಮೇಲೆ ಪುನಃ ಇಡುದು. ಇಷ್ಟು ದಿನ ಒಂದು ಹನಿ ತಾಗಿಸ್ಲಿಲ್ಲ, ನೋಡು!"

ಪ್ರತಿ ನಮಾಝಿಗೂ, ಫಾಯಿಝಾ. ಮೊದಲ ದಿನದಿಂದಲೂ. ಅದಕ್ಕೇ ಪಟ್ಟಿ ಗರಿಗರಿ, ಅದಕ್ಕೇ ಗಂಟು ಅಷ್ಟು ಚಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ದನಿ ಎತ್ತಿದೆ. ಬ್ಯಾಂಡೇಜಿನ ಮೇಲೆ ಒದ್ದೆ ಕೈ ಸವರಿದರೆ ಸಾಲುವುದಿಲ್ಲವಾ, ನೀವೇ ಎಷ್ಟು ಜನರಿಗೆ ಹೇಳಿಲ್ಲ ಎಂದೆ. ಪೆಟ್ಟಾದವರಿಗೆ ಆ ರಿಯಾಯಿತಿ ಉಂಟೆಂದು ನನಗೆ ಗೊತ್ತಾದದ್ದೇ ಅವರಿಂದ. ಉಮ್ಮ ನನ್ನ ಮುಖ ನೋಡಲಿಲ್ಲ.

"ಅದು ಆಗದವರಿಗೆ ಇರುದು. ನನಗೆ ಕೈ ಉಂಟು, ನೀರುಂಟು, ಕಾಲು ಇನ್ನೂ ಉಂಟು. ಊರಿಗೆಲ್ಲ ತೊಳೀಲಿಕ್ಕೆ ಕಲಿಸಿದವಳು ತಾನು ಸವರಿಕೊಂಡು ಕೂತ್ರೆ ಎಂತ ಚಂದ?"

ಸಂಜೆಯ ನಮಾಝಿಗೂ ಬಿಚ್ಚಿದರು. ಬಚ್ಚಲಿನ ಬಾಗಿಲಿಗೆ ಈ ಸಲ ಚಿಲಕ ಹಾಕಿಕೊಂಡರು.

ಡಾಕ್ಟರ್ ಎಲ್ಲ ಕೇಳಿ, ಹೇಳಿದ ದಿನದವರೆಗೆ ಪಟ್ಟಿ ಬಿಚ್ಚದೆ ಇಟ್ಟು ನೋಡಿ, ಆಮೇಲೆ ತೀರ್ಮಾನ ಎಂದರು. ಬಿಚ್ಚದೆ ಇಡಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ನಿನ್ನ ಮಾತಿಗೂ ಬಗ್ಗುವುದಿಲ್ಲ, ನನ್ನದಕ್ಕೂ ಇಲ್ಲ.

ಜುಲೈಕಾ


ಚೆನ್ನೈ
9 ಅಕ್ಟೋಬರ್ 1999

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ಲ್ಯಾಬಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಜೋರಾಗಿ ನಕ್ಕೆ. ಜೊತೆಯ ಹುಡುಗಿಯೊಬ್ಬಳು ಓಡಿಬಂದು "ಏನಾಯಿತು, ಏಕೆ ಅಳುತ್ತೀ" ಎಂದು ಕೇಳಿದಳು. ನಾನು ಅಳುತ್ತಿದ್ದೆ ಎಂದು ಆಗ ಗೊತ್ತಾಯಿತು.

ಆ ಪಟ್ಟಿ ಇಷ್ಟು ದಿನ ಕೆಲಸವನ್ನೇ ಶುರು ಮಾಡಿರಲಿಲ್ಲ. ಗಾಯದ ನೀರಿನಲ್ಲಿ ನೆನೆಯದೆ ಕ್ಯಾಲ್ಸಿಯಂ ಹೊರಗೆ ಬರುವುದಿಲ್ಲ. ಸ್ವಲ್ಪ ಬಂದದ್ದನ್ನೂ, ಅಲ್ಲಿಗೆ ಬಂದು ಸೇರಿದ ಕೋಶಗಳನ್ನೂ ಉಮ್ಮ ತೊಳೆದು ಬಚ್ಚಲಿಗೆ ಬಿಟ್ಟರು. ಅವರ ಗಾಯ ನನ್ನ ವಿರುದ್ಧ ಸಾಕ್ಷಿ ಹೇಳಿರಲೇ ಇಲ್ಲ.

ಇನ್ನೊಂದು ವಿಷಯ ಉಂಟು. ಅದು ಖಚಿತವಾಗುವವರೆಗೆ ಬರೆಯುವುದಿಲ್ಲ.

ಉಮ್ಮನಿಗೆ ನೀನೂ ಏನೂ ಹೇಳಬೇಡ, ನಾನೂ ಹೇಳುವುದಿಲ್ಲ. ನಾವು ಅವರ ಮಕ್ಕಳು. ಅವರು ಮಕ್ಕಳ ಮಾತು ಕೇಳುವವರಲ್ಲ. ಆದರೆ ಕೇಳಿಕೊಂಡು ಬಂದವರನ್ನು ಯಾವತ್ತಾದರೂ ಉತ್ತರ ಕೊಡದೆ ಕಳಿಸಿದ್ದಾರಾ? ಕೆಳಗಿನದ್ದನ್ನು ಒಂದು ಶಬ್ದವೂ ಬಿಡದೆ ಅವರಿಗೆ ಓದು.

'ಒಬ್ಬ ಹೆಂಗಸು ಉಂಟು. ಪಾದದಲ್ಲಿ ಗಾಯ. ಗಾಯದ ಮೇಲೆ ಇಟ್ಟ ಪಟ್ಟಿ ಒಳಗಿನ ನೀರಿನಲ್ಲಿ ನೆನೆದು ಹಾಳಾಗಬೇಕು, ಹಾಳಾಗುವುದೇ ಅದರ ಕೆಲಸ. ಎರಡು ಮೂರು ದಿನ ಯಾರೂ ಬಿಚ್ಚದಿದ್ದರೆ ಮಾತ್ರ ಒಳಗೆ ಗುಡಿಸುವವರು ಚಪ್ಪರ ಕಟ್ಟಲು ಶುರು ಮಾಡುತ್ತಾರೆ. ಪ್ರತಿ ಸಲ ಬಿಚ್ಚಿ ತೊಳೆದರೆ ಅವರು ಪುನಃ ಪೊರಕೆ ಹಿಡಿಯಬೇಕು. ಬಿಚ್ಚಿದರೆ ಕಾಲು ಹೋಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಮೇಲಿನ ಬ್ಯಾಂಡೇಜಿಗೆ ಒದ್ದೆ ಕೈ ತಾಗಿದರೆ ತೊಂದರೆಯಿಲ್ಲ. ಈ ಹೆಂಗಸು ಒಂದು ನಮಾಝನ್ನೂ ಬಿಟ್ಟವಳಲ್ಲ. ಅವಳು ವುಝೂ ಹೇಗೆ ಮಾಡಬೇಕು? ಬಂಟ್ವಾಳದ ಉಮ್ಮನನ್ನು ಕೇಳಿ ತಿಳಿಸಿ.'

ಫಾಯಿಝಾ


ಬಂಟ್ವಾಳ
17 ಅಕ್ಟೋಬರ್ 1999

ಪ್ರೀತಿಯ ಫಾಯಿಝಾ,

ಚಾವಡಿಯಲ್ಲಿ ಕೂರಿಸಿ ಓದಿದೆ. ನೀನು ಹೇಳಿದ ಹಾಗೆ ಒಂದು ಶಬ್ದವನ್ನೂ ಬಿಡಲಿಲ್ಲ. ಉಮ್ಮ ಕಣ್ಣು ಮುಚ್ಚಿ ಕೇಳಿದರು, ಹೆಂಗಸರ ಪ್ರಶ್ನೆ ಕೇಳಿಸಿಕೊಳ್ಳುವಾಗ ಯಾವಾಗಲೂ ಮುಚ್ಚುವ ಹಾಗೆ.

"ಯಾವ ಊರಿನ ಹೆಂಗಸಂತೆ?"

"ಬರೆದಿಲ್ಲ ಉಮ್ಮ."

"ಮಕ್ಕಳುಂಟಾ?"

"ಇರಬಹುದು."

"ಅವಳಿಗೆ ಬುದ್ಧಿ ಹೇಳುವ ಮಕ್ಕಳಿರ್ಬೇಕು" ಎಂದು ಕಣ್ಣು ತೆರೆದು ನನ್ನನ್ನೇ ನೋಡಿದರು. ನಾನು ಪತ್ರದಲ್ಲಿ ಮುಖ ಅಡಗಿಸಿದೆ.

ಅವರ ಒಳಗೆ ಏನು ನಡೆಯುತ್ತಿತ್ತೆಂದು ನನಗೆ ಕಾಣುತ್ತಿತ್ತು. ತಪ್ಪು ಉತ್ತರ ಕೊಡುವುದು ಅವರಿಂದ ಆಗದು. ಸರಿ ಉತ್ತರ ಕೊಟ್ಟರೆ ಅದು ಮೊದಲು ಕಟ್ಟುವುದು ಅವರನ್ನೇ. ಕೊನೆಗೆ, "ಪೆನ್ನು ತೆಗೊ" ಎಂದರು. ಹೇಳಿದ್ದು ಹೇಳಿದ ಹಾಗೆ ಬರೆದಿದ್ದೇನೆ:

"ಆ ಹೆಂಗಸಿಗೆ ಹೇಳಿ, ನಾನು ಕಲಿತದ್ದು ಹೀಗೆ. ಮೊದಲು ಪೂರ್ತಿ ವುಝೂ ಮಾಡ್ಬೇಕು. ಆ ವುಝೂ ಇರುವಾಗಲೇ ಪಟ್ಟಿ ಕಟ್ಟಿಸ್ಬೇಕು. ಆಮೇಲೆ ಪ್ರತಿ ನಮಾಝಿಗೆ ಗಾಯ ಇಲ್ಲದ ಜಾಗ ತೊಳೆದು, ಪಟ್ಟಿ ಮೇಲೆ ಒದ್ದೆ ಕೈ ಸವರಿ, ಮಣ್ಣು ಮುಟ್ಟಿ ಮುಖಕ್ಕೆ ಕೈಗೆ ಸವರಿಕೊಂಡ್ರೆ ಆಯ್ತು. ಆ ನಮಾಝ್ ಪುನಃ ಮಾಡ್ಬೇಕು ಅಂತ ಇಲ್ಲ. ಇದು ಸೋಮಾರಿಗಳಿಗೆ ಕೊಟ್ಟದ್ದಲ್ಲ, ಗಾಯದವರಿಗೆ ಕೊಟ್ಟದ್ದು. ಕೊಟ್ಟದ್ದನ್ನು ಬೇಡ ಅನ್ನುದು ಕೂಡ ಒಂದು ಅಹಂಕಾರವೇ."

ಬರೆದು ಮುಗಿಸಿದೆ. ಉಮ್ಮ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದರು. ನೀರಿನ ಸದ್ದು ಕೇಳಿಸಿತು. ಮುಖ, ಕೈ, ಕಾಲು ಎಲ್ಲ ಒದ್ದೆಯಾಗಿ ಬಂದು, ಕುರ್ಚಿಯಲ್ಲಿ ಕೂತು, ಬರಿಯ ಬಲಗಾಲನ್ನು ನನ್ನ ಮಡಿಲ ಕಡೆ ಚಾಚಿದರು.

"ಬಾ. ಆ ಹೆಂಗಸಿಗೆ ಪಟ್ಟಿ ಕಟ್ಟು."

ನಾನು ಕಟ್ಟಿದೆ, ಹೊಸ ಲಕೋಟೆ ಒಡೆದು. ಹಳೆಯದನ್ನು ಎಸೆದೆ, ಸ್ಟೀಲ್ ಡಬ್ಬಿ ಖಾಲಿಯಾಯಿತು. ಈಗ ಅದರಲ್ಲಿ ತಯಮ್ಮುಮಿಗೆಂದು, ಮುಖಕ್ಕೆ ಕೈಗೆ ಸವರಿಕೊಳ್ಳಲು, ಸೋಸಿದ ಮಣ್ಣು ಉಂಟು.

ಮೂರನೆಯ ದಿನ ಬಿಚ್ಚಿದಾಗ ಪಟ್ಟಿ ನೀನು ಹೇಳಿದಷ್ಟೇ ಅಸಹ್ಯವಾಗಿತ್ತು. ಹಳದಿ, ಲೋಳೆ. ನಾನು ಇಷ್ಟು ಸಂತೋಷದಿಂದ ಯಾವ ಹೊಲಸನ್ನೂ ನೋಡಿದ್ದಿಲ್ಲ. ಉಮ್ಮ ಮೂಗಿಗೆ ಸೆರಗು ಹಿಡಿದು, "ಇದನ್ನು ಸೇಸಮ್ಮನಿಗೆ ತೋರಿಸ್ಬೇಡ" ಎಂದರು.

ಜುಲೈಕಾ


ಚೆನ್ನೈ
28 ನವೆಂಬರ್ 1999

ಪ್ರೀತಿಯ ಅಕ್ಕ,

ಡಾಕ್ಟರ್ ಬೆರಳು ತೆಗೆಯುವ ಮಾತನ್ನು ಮುಂದೂಡಿದರು ಎಂದು ನೀನು ಫೋನಿನಲ್ಲಿ ಹೇಳಿದಾಗ ಹಿಂದಿನಿಂದ ಉಮ್ಮನ "ಎಲ್ಲ ಒಳ್ಳೆದುಂಟು ಅಂತ ಹೇಳು" ಕೇಳಿಸಿತು. ಈ ಸಲ ನಂಬಿದೆ. ಕಳೆದ ವಾರದ ಹಾಳೆಯ ಗೆರೆ ಮೊದಲಿನ ಗೆರೆಯ ಒಳಗೆ ಸುತ್ತಲೂ ಜಾಗ ಬಿಟ್ಟು ಕೂತಿದೆ.

ಬರೆಯದೆ ಇಟ್ಟುಕೊಂಡ ವಿಷಯ ಈಗ ಬರೆಯುತ್ತೇನೆ. ಉಮ್ಮ ತೊಳೆದ ಕಥೆ ಓದಿದ ದಿನ ಲ್ಯಾಬಿಗೆ ಹಿಂತಿರುಗಿ ನನ್ನ ತಟ್ಟೆಗಳ ಮುಂದೆ ಕೂತೆ. ಕೋಶಗಳು ತೇಲುವ ಪೋಷಕ ದ್ರವವನ್ನು ನಾನು ದಿನವೂ ಬೆಳಿಗ್ಗೆ ಪೂರ್ತಿ ಚೆಲ್ಲಿ ಹೊಸದು ಹಾಕುತ್ತಿದ್ದೆ. ಶುಭ್ರವಾಗಿರಬೇಕಲ್ಲ! ಪಟ್ಟಿಯಿಂದ ಬಂದ ಕ್ಯಾಲ್ಸಿಯಂ, ಕೋಶಗಳು ಒಂದಕ್ಕೊಂದು ಕಳಿಸುವ ಸೂಚನೆಗಳು, ಎಲ್ಲ ಸಿಂಕಿಗೆ. ಉಮ್ಮ ಬಂಟ್ವಾಳದಲ್ಲಿ, ನಾನು ಚೆನ್ನೈಯಲ್ಲಿ, ಒಂದೇ ಕೆಲಸವನ್ನು ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದೆವು.

ಈಗ ಸ್ವಲ್ಪ ಸ್ವಲ್ಪವೇ ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು ನೋಡಿದೆ. ಮೊದಲು ಅಪಾಯದ ಸೂಚನೆ ಏರಿತು, ಮೊದಲಿನ ಹಾಗೆಯೇ. ಆಮೇಲೆ ಇಳಿಯಿತು. ಇಳಿಯುವಾಗ ಕಟ್ಟುವ ಕೆಲಸದ ಸೂಚನೆ ಮೇಲೆದ್ದಿತು. ಸ್ವಲ್ಪವೇ, ಆದರೆ ಉಂಟು. ಕ್ಯಾಲ್ಸಿಯಂ ಹೆಚ್ಚಾದ ತಟ್ಟೆಗಳಲ್ಲಿ ಹೀಗಾಗಲಿಲ್ಲ, ನಿಧಾನವಾಗಿ ಬಿಟ್ಟದ್ದರಲ್ಲಿ ಮಾತ್ರ. ತಟ್ಟೆಯ ಕೋಶ ಬೇರೆ, ಮನುಷ್ಯರ ಪಾದ ಬೇರೆ, ಇದನ್ನು ನಾನು ಮರೆತಿಲ್ಲ. ಉಮ್ಮನ ಗಾಯ ಮಾಗುವುದರಲ್ಲಿ ಇನ್ಸುಲಿನ್, ಔಷಧಿ, ನಿನ್ನ ಕೈ ಎಲ್ಲ ಉಂಟು. ಗೈಡ್ 'ಇನ್ನೊಮ್ಮೆ ಮಾಡಿ ತೋರಿಸು' ಎಂದರು. ಇನ್ನೊಮ್ಮೆ ಮಾಡಿದೆ. ಅವರು ಕನ್ನಡಕ ತೆಗೆದು ಒರಸಿಕೊಂಡರು. ಅವರ ಹೊಗಳಿಕೆ ಅಷ್ಟೇ.

ಫಾಯಿಝಾ


ಬಂಟ್ವಾಳ
10 ಜನವರಿ 2000

ಪ್ರೀತಿಯ ಫಾಯಿಝಾ,

ಪೆರ್ನಾಳ್ ಹಬ್ಬಕ್ಕೆ ನೀನಿರಲಿಲ್ಲ, ಪಾಯಸಕ್ಕೆ ರುಚಿಯಿರಲಿಲ್ಲ ಎಂದು ಬರೆಯಬೇಕು. ಸುಳ್ಳು ಬರೆಯುವುದಿಲ್ಲ. ಈ ವರ್ಷದಷ್ಟು ಒಳ್ಳೆಯ ಹಬ್ಬ ನನಗೆ ನೆನಪಿಲ್ಲ.

ಇದರೊಂದಿಗೆ ಒಂದು ಪಾರದರ್ಶಕ ಹಾಳೆ ಉಂಟು. ಅದರ ಮೇಲೆ ಏನೂ ಇಲ್ಲ. ಅಂಚೆಯಲ್ಲಿ ಗೆರೆ ಅಳಿಸಿಹೋಯಿತೆಂದು ತಿಳಿಯಬೇಡ. ಎಳೆಯಲು ಗೆರೆಯೇ ಇರಲಿಲ್ಲ.

ರಮಝಾನಿನ ಕೊನೆಯಲ್ಲಿ ಡಾಕ್ಟರ್ ಪಟ್ಟಿ ಸಾಕು ಎಂದರು. ಆದರೂ ಉಮ್ಮ ಹಬ್ಬದ ಬೆಳಿಗ್ಗೆಯವರೆಗೆ ಒಂದು ತೆಳು ಬಟ್ಟೆ ಸುತ್ತಿಕೊಂಡೇ ಇದ್ದರು. ಆ ಬೆಳಿಗ್ಗೆ ನನ್ನನ್ನು ಬಚ್ಚಲಿಗೆ ಕರೆದು, "ನೀನು ಹೊಯ್ಯು" ಎಂದು ತಂಬಿಗೆ ಕೊಟ್ಟರು. ನಾನು ಹೊಯ್ದೆ. ಎಳೆಯ ಗುಲಾಬಿ ಬಣ್ಣದ ಚರ್ಮದ ಮೇಲೆ ನೀರು ನಿಲ್ಲದೆ ಜಾರಿತು. ಬೆರಳಿನಿಂದ ಅದನ್ನು ಒಂದು ಸಲ ಮುಟ್ಟಿ, "ಇದು ಯಾರು ಕಟ್ಟಿದ ಚಪ್ಪರ" ಎಂದರು. ಉತ್ತರ ಕೇಳಿದ ಪ್ರಶ್ನೆಯಲ್ಲ ಅದು.

ಜುಲೈಕಾ


ಚೆನ್ನೈ
21 ಜುಲೈ 2002

ಪ್ರೀತಿಯ ಅಕ್ಕ,

ವೈವಾ ಮುಗಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ಒಂದೇ: ದ್ರವವನ್ನು ಬದಲಿಸದೆ ಬಿಡುವ ಯೋಚನೆ ಎಲ್ಲಿಂದ ಬಂತು? "ನನ್ನ ಊರಿನಿಂದ" ಎಂದೆ. ಅವರು ಅದನ್ನು ತಮಾಷೆ ಎಂದು ತಿಳಿದರು.

ಇನ್ನು ಮೇಲೆ ಲಕೋಟೆಯಲ್ಲಿ ಡಾಕ್ಟರ್ ಎಂದು ಬರೆಯಬಹುದು. ನೀನು ಬರೆದರೆ ಮಾತ್ರ ನನಗೆ ನಂಬಿಕೆ ಬರುತ್ತದೆ. ಸ್ಲೇಟಿನಲ್ಲಿ ನನ್ನ ಹೆಸರು ಮೊದಲು ಬರೆಸಿದವಳು ನೀನು.

ಪ್ರಬಂಧದ ಕೊನೆಯ ಪ್ರತಿ ಬೈಂಡಿಗೆ ಹೋಗುವ ಮೊದಲು ಅರ್ಪಣೆಯ ಪುಟದಲ್ಲಿ ಉಮ್ಮನ ಹೆಸರು ಹಾಕಬೇಕೆಂದಿದ್ದೇನೆ. ಅನುಮತಿ ಕೇಳಿ ತಿಳಿಸು.

ಫಾಯಿಝಾ


ಬಂಟ್ವಾಳ
4 ಆಗಸ್ಟ್ 2002

ಡಾಕ್ಟರ್ ಫಾಯಿಝಾ,

ಹೀಗೆ ಬರೆದು ಪೆನ್ನು ಕೆಳಗಿಟ್ಟು ಅಡುಗೆ ಮನೆಗೆ ಹೋಗಿ ಬಂದೆ. ಬಂದು ನೋಡಿದರೂ ಹಾಗೆಯೇ ಇತ್ತು.

ನಿನ್ನ ಪತ್ರ ಬಂದಾಗ ಚಾವಡಿಯಲ್ಲಿ ವಿಟ್ಲದ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಅವಳ ಅತ್ತೆಗೆ ಕಾಲಿನಲ್ಲಿ ಗಾಯ, ಕಟ್ಟಿದ್ದನ್ನು ಬಿಚ್ಚಿ ಬಿಚ್ಚಿ ನೋಡುತ್ತಾರಂತೆ. ಉಮ್ಮ ಹೇಳುತ್ತಿದ್ದರು: "ಡಾಕ್ಟರ್ ಹೇಳಿದ ದಿನದವರೆಗೆ ಬಿಚ್ಲಿಕ್ಕಿಲ್ಲ ಅಂತ ಹೇಳು. ಒಳಗೆ ಚಪ್ಪರ ಕಟ್ಟುವವರು ಇದ್ದಾರೆ. ನಾವು ಇಣುಕಿದ್ರೆ ಅವರಿಗೆ ನಾಚಿಕೆ ಆಗ್ತದೆ." ನಾಚಿಕೆಯ ಮಾತು ನಿನ್ನ ಪ್ರಬಂಧದಲ್ಲಿ ಇಲ್ಲದಿದ್ದರೆ ಸೇರಿಸಿಕೊ. ಆ ಹೆಂಗಸು ಹೋಗುವ ಮೊದಲು ಉಮ್ಮ ಸೀರೆಯ ಅಂಚು ಸ್ವಲ್ಪ ಎತ್ತಿ ಹೆಬ್ಬೆರಳು ತೋರಿಸಿದರು, ಮುಂಚೆ ಸ್ಟೀಲ್ ಡಬ್ಬಿ ತೋರಿಸುತ್ತಿದ್ದ ಹಾಗೆ.

ಮೊನ್ನೆ ಪಾಣೆಮಂಗಳೂರಿನ ಒಂದು ಮನೆಗೆ ಮಯ್ಯಿತ್ ಸ್ನಾನಕ್ಕೂ ಹೋಗಿ ಬಂದರು. ನೆಲಕ್ಕೆ ಕೂತು, ಯಾರ ಕೈಯೂ ಹಿಡಿಯದೆ ಎದ್ದರಂತೆ. ಅದನ್ನು ಅವರು ಹೇಳಲಿಲ್ಲ, ಸೇಸಮ್ಮ ಹೇಳಿದ್ದು.

ಅರ್ಪಣೆಯ ವಿಷಯ ಕೇಳಿದೆ. ಕಣ್ಣು ಮುಚ್ಚಿಕೊಂಡರು. ಆಮೇಲೆ, "ಪೆನ್ನು ತೆಗೊ" ಎಂದರು. ಹೇಳಿದ ಹಾಗೆ ಬರೆದಿದ್ದೇನೆ:

"ನನ್ನ ಹೆಸರು ಬೇಡ. ಒಬ್ಬ ಹೆಂಗಸಿಗೆ ಅಂತ ಬರಿ, ಸಾಕು. ಆ ಹೆಂಗಸಿನ ಕಾಲು ಗುಣ ಆಯ್ತಂತೆ. ಅವಳ ಮಗಳು ದೊಡ್ಡ ಡಾಕ್ಟರ್ ಆದಳಂತೆ, ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಓದಿದ ಡಾಕ್ಟರ್. ಈಗ ಆ ಹೆಂಗಸಿಗೆ ಸ್ವಲ್ಪ ಅಹಂಕಾರ ಬಂದಿದೆ ಅಂತ ಜನ ಹೇಳ್ತಾರೆ. ರಸ್ತೆಯಲ್ಲಿ ಹೋಗುವವರನ್ನು ಕರೆದು ಕರೆದು ಹೇಳ್ತಾಳಂತೆ. ಅದಕ್ಕೆ ಪರಿಹಾರ ಎಂತ ಅಂತ ಯಾರೂ ನನ್ನ ಹತ್ತಿರ ಕೇಳ್ಲಿಕ್ಕೆ ಬರ್ಬೇಡಿ. ಅದೊಂದು ನನಗೆ ಗೊತ್ತಿಲ್ಲ."

ನಿನ್ನ ಅಕ್ಕ,
ಜುಲೈಕಾ